ತೀರ್ಮಾನ ಎಲ್ಲಿ ಆಗುತ್ತದೆ? ಊರಲ್ಲಿದ್ದು ತಾಂತ್ರಿಕ ನಾಯಕತ್ವ ವಹಿಸಲು ಹೊರಟವರ ಮುಂದಿನ ಪ್ರಶ್ನೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬೆಂಗಳೂರಿನ ಪಿ.ಜಿ.ಗಳನ್ನೂ ಬಾಡಿಗೆ ಮನೆಗಳನ್ನೂ ಖಾಲಿ ಮಾಡಿ, ಕಚೇರಿಯ ಲ್ಯಾಪ್‌ಟಾಪ್ ಸಮೇತ ಊರು ಸೇರಿದ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಒಂದಷ್ಟು ಮಂದಿ ಮರಳಿ ಹೋಗಲೇ ಇಲ್ಲ. ಶಿರಸಿ, ಪುತ್ತೂರು, ಧಾರವಾಡ, ಹಾಸನದಂಥ ಊರುಗಳಲ್ಲಿ ಒಳ್ಳೆಯ ಫೈಬರ್ ಸಂಪರ್ಕ, ಒಂದು ಇನ್ವರ್ಟರ್ ಮತ್ತು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇದ್ದರೆ ಕೆಲಸ ನಡೆಯುತ್ತದೆ ಎಂಬುದು ಆ ಎರಡು ವರ್ಷಗಳಲ್ಲಿ ಖಚಿತವಾಯಿತು. ಆಗ ಐದಾರು ವರ್ಷಗಳ ಅನುಭವವಿದ್ದವರು ಈಗ ಹತ್ತು ಹನ್ನೆರಡು ವರ್ಷಗಳವರಾಗಿದ್ದಾರೆ. ಕೋಡ್ ಬರೆಯುವ ಹಂತವನ್ನು ದಾಟಿ, ಯಾವ ಕೋಡ್ ಬರೆಯಬೇಕು, ಯಾವುದನ್ನು ಬರೆಯಲೇಬಾರದು ಎಂದು ನಿರ್ಧರಿಸುವ ಹಂತಕ್ಕೆ ಬಂದಿದ್ದಾರೆ. ಅಲ್ಲಿಯವರೆಗೆ ಅವರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆಂದು ಯಾರೂ ಕೇಳಿರಲಿಲ್ಲ. ಬಡ್ತಿಯ ಮಾತು ಬಂದಾಗ ಮಾತ್ರ ಮ್ಯಾನೇಜರ್ ಸ್ವಲ್ಪ ತಡೆದು, 'ಈ ಹುದ್ದೆಗೆ ನೀವು ಬೆಂಗಳೂರಿನಲ್ಲಿದ್ದರೆ ಒಳ್ಳೆಯದಿತ್ತು' ಎನ್ನುತ್ತಾರೆ.

ಆ ಮಾತಿನ ಹಿಂದೆ, ದೂರದ ಕೆಲಸದಿಂದ ಉದ್ಯಮವೇ ಹಿಂದೆ ಸರಿದ ಸಂಗತಿಯಿದೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. ವಿಪ್ರೊ ಅದೇ ವರ್ಷದ ನವೆಂಬರ್‌ನಿಂದ ವಾರಕ್ಕೆ ಮೂರು ದಿನಗಳ ಹಾಜರಿಯನ್ನು ಕಡ್ಡಾಯಗೊಳಿಸಿತು. ಅಮೆಜಾನ್‌ನ ಮುಖ್ಯಸ್ಥ ಆಂಡಿ ಜಾಸ್ಸಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ನಿಯಮದಂತೆ ಆ ಕಂಪನಿಯ ಕಚೇರಿ ನೌಕರರು 2025ರ ಜನವರಿಯಿಂದ ಐದು ದಿನ ಕಚೇರಿಗೆ ಮರಳಬೇಕಾಯಿತು. ಇವೆಲ್ಲ ಎಲ್ಲ ನೌಕರರಿಗೂ ಅನ್ವಯಿಸುವ ನಿಯಮಗಳು. ಅದರಾಚೆಗೆ, ಎಲ್ಲಿಯೂ ಬರೆದಿಡದ ಇನ್ನೊಂದು ನಿಯಮವಿದೆ: ಹುದ್ದೆ ಮೇಲಕ್ಕೆ ಹೋದಷ್ಟೂ ಮನುಷ್ಯ ಕಚೇರಿಗೆ ಹತ್ತಿರವಿರಬೇಕು.

ದೂರದಿಂದ ಕೆಲಸ ಮಾಡಲು ಬಿಡುವ ಕಂಪನಿ ದೂರದಿಂದ ತೀರ್ಮಾನ ಮಾಡಲೂ ಬಿಡುತ್ತದೆ ಎಂದು ನಂಬುವುದರಿಂದಲೇ ಈ ದಾರಿಯಲ್ಲಿ ಹೆಚ್ಚಿನವರು ಎಡವುತ್ತಾರೆ ಎಂಬುದು ಹಲವು ವರ್ಷ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಮನೆಯಿಂದ ತಂಡವೊಂದನ್ನು ನಡೆಸಿದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿ. ಎರಡನೆಯದಕ್ಕೆ ಕಂಪನಿಯ ಒಳಗಿನ ಏರ್ಪಾಡೇ ಬೇರೆಯಿರಬೇಕಾಗುತ್ತದೆ. ಆ ಏರ್ಪಾಡು ಇದೆಯೇ ಇಲ್ಲವೇ ಎಂಬುದನ್ನು ಹುದ್ದೆ ಒಪ್ಪಿಕೊಳ್ಳುವ ಮೊದಲೇ ಪತ್ತೆ ಹಚ್ಚಲು ಸಾಧ್ಯವಿದೆ. ನಮ್ಮವರು ಸಂಬಳದ ಮಾತುಕತೆಗೆ ಕೊಡುವ ಗಮನದಲ್ಲಿ ಕಾಲು ಭಾಗವನ್ನೂ ಇದಕ್ಕೆ ಕೊಡುತ್ತಿಲ್ಲವೆಂಬುದು ನನ್ನ ಚಿಂತೆ.

ಹಾಗೆ ನೋಡಿದರೆ ದೂರದ ಕೆಲಸ ಕರ್ನಾಟಕಕ್ಕೆ ಕೊರೊನಾ ತಂದ ಸಂಗತಿಯಲ್ಲ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಾಗ, ಅಮೆರಿಕದ ಕಚೇರಿಯೊಂದಿಗೆ ಸಂಪರ್ಕಕ್ಕಾಗಿ ಅದಕ್ಕೆಂದೇ ಉಪಗ್ರಹ ಕೊಂಡಿಯನ್ನು ಸ್ಥಾಪಿಸಬೇಕಾಯಿತು. ಅದರ ಉಪಕರಣಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಡಲ್ಲಾಸ್‌ನ ಮುಖ್ಯ ಕಚೇರಿಯಿಂದ ನೋಡಿದರೆ ಅಂದಿನ ಬೆಂಗಳೂರೇ ಇಂದಿನ ಸಾಗರ. ಅಲ್ಲಿಂದ ಮುಂದಿನ ನಾಲ್ಕು ದಶಕಗಳಲ್ಲಿ ಇಲ್ಲಿ ಬೆಳೆದ ಹೊರಗುತ್ತಿಗೆ ಉದ್ಯಮವೆಲ್ಲ ದೂರದ ಕೆಲಸವೇ ಆಗಿತ್ತು. ಆದರೆ ಆ ಉದ್ಯಮದ ಬಹುಭಾಗದಲ್ಲಿ ಏನು ಮಾಡಬೇಕೆಂಬ ನಿರ್ಣಯ ಅಲ್ಲಿ, ಮಾಡುವ ಕೆಲಸ ಇಲ್ಲಿ ಎಂಬ ಹಂಚಿಕೆ ಮೊದಲಿನಿಂದ ಗಟ್ಟಿಯಾಗಿ ಕುಳಿತಿತ್ತು. ದೇಶದಲ್ಲಿ 1,700ಕ್ಕೂ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ನಡೆಸುವ ಸ್ವಂತ ಕಚೇರಿಗಳಾದ ಜಿಸಿಸಿಗಳು ಇವೆ, ಅವುಗಳಲ್ಲಿ ಸುಮಾರು 19 ಲಕ್ಷ ಜನ ದುಡಿಯುತ್ತಾರೆ ಎಂದು ಉದ್ಯಮ ಸಂಘಟನೆ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಜಿನ್ನೋವ್ 2024ರಲ್ಲಿ ಲೆಕ್ಕ ಹಾಕಿದವು. ಆ ಕೇಂದ್ರಗಳ ಕಾರಿಡಾರುಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪದ 'ಓನರ್‌ಶಿಪ್', ಅಂದರೆ ಪೂರ್ತಿ ಹೊಣೆ. ಒಂದು ಪ್ರಾಡಕ್ಟಿನ ಓನರ್‌ಶಿಪ್ ಬೆಂಗಳೂರಿಗೆ ಬಂತು ಎನ್ನುತ್ತಾರೆ. ಆದರೆ ಆ ಪ್ರಾಡಕ್ಟಿನ ಮುಂದಿನ ವರ್ಷದ ಯೋಜನೆಯನ್ನು ಯಾರು ಬರೆದರು ಎಂದು ಕೇಳಿದರೆ ಅನೇಕ ಕಡೆ ಉತ್ತರ ಬೇರೆ ಖಂಡದ್ದಾಗಿರುತ್ತದೆ. ಮುಖ್ಯ ಕಚೇರಿಯಿಂದ ಬೆಂಗಳೂರು ಎಷ್ಟು ದೂರವೋ ಬೆಂಗಳೂರಿನಿಂದ ಊರು ಮತ್ತೆ ಅಷ್ಟೇ ದೂರವಾದಾಗ, ಊರಲ್ಲಿ ಕುಳಿತ ಟೆಕ್ ಲೀಡ್, ಅಂದರೆ ತಂಡದ ತಾಂತ್ರಿಕ ಮುಂದಾಳು, ಎರಡು ಹಂತಗಳ ದೂರವನ್ನು ಹೊತ್ತಿರುತ್ತಾನೆ.

ತಾಂತ್ರಿಕ ನಾಯಕತ್ವವೆಂದರೆ ಏನೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಒಂದೇ ಹೆಸರಿನಲ್ಲಿ ಎರಡು ದಾರಿಗಳಿವೆ. ಎಂಜಿನಿಯರಿಂಗ್ ಮ್ಯಾನೇಜರ್, ಡೈರೆಕ್ಟರ್ ಎಂಬ ಏಣಿಯಲ್ಲಿ ಜನರ ನೇಮಕ, ಬೆಳವಣಿಗೆ, ಮೌಲ್ಯಮಾಪನ ಮುಖ್ಯ. ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಎಂಬ ಇನ್ನೊಂದು ಏಣಿಯಲ್ಲಿ ಕೈಕೆಳಗೆ ಒಬ್ಬರೂ ಇಲ್ಲದಿದ್ದರೂ ಹಲವು ತಂಡಗಳು ಒಂದೇ ದಿಕ್ಕಿನಲ್ಲಿ ಸಾಗುವಂತೆ ನೋಡಿಕೊಳ್ಳುವುದು ಮುಖ್ಯ. ಈ ಎರಡನೆಯ ಏಣಿಯವರ ಅಧಿಕಾರ ಸಂಸ್ಥೆಯ ನಕ್ಷೆಯಿಂದ ಬರುವುದಿಲ್ಲ. ಅವರ ಮಾತನ್ನು ಉಳಿದವರು ಒಪ್ಪುತ್ತಾರೆ ಎಂಬುದರಿಂದ ಮಾತ್ರ ಬರುತ್ತದೆ. ಕಚೇರಿಯಲ್ಲಿ ಆ ಒಪ್ಪಿಗೆ ಹುಟ್ಟುವ ಜಾಗಗಳು ಎಲ್ಲರಿಗೂ ಗೊತ್ತು: ವೈಟ್‌ಬೋರ್ಡಿನ ಮುಂದೆ ನಿಂತು ಚಿತ್ರ ಬಿಡಿಸುವಾಗ, ಸಭೆ ಮುಗಿಸಿ ಲಿಫ್ಟಿಗೆ ಕಾಯುವಾಗ, ಕಾಫಿ ಯಂತ್ರದ ಬಳಿ. ದೂರವಿದ್ದವನಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನ ಪಾಲಿಗೆ ಉಳಿಯುವುದು ಬರವಣಿಗೆ.

ಬರವಣಿಗೆಯಿಂದ ಅಧಿಕಾರ ಹುಟ್ಟೀತೇ ಎಂದು ಅನುಮಾನಿಸುವವರು ಇಂಟರ್‌ನೆಟ್ಟಿನ ಇತಿಹಾಸವನ್ನೇ ನೋಡಬಹುದು. ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್ ಜಾಲವನ್ನು ಕಟ್ಟುತ್ತಿದ್ದ ದಿನಗಳಲ್ಲಿ, 1969ರ ಏಪ್ರಿಲ್‌ನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್ ಮೊದಲ ಆರ್‌ಎಫ್‌ಸಿ ಬರೆದರು. ಅಪ್ಪಣೆ ಕೊಡುವ ಅಧಿಕಾರ ತಮಗಿಲ್ಲವೆಂಬ ಅಳುಕಿನಿಂದಲೇ ಅದಕ್ಕೆ 'ಅಭಿಪ್ರಾಯಗಳಿಗಾಗಿ ಕೋರಿಕೆ' ಎಂಬ ಅರ್ಥದ ಹೆಸರಿಟ್ಟರು. ಬೇರೆ ಬೇರೆ ಊರುಗಳಲ್ಲಿದ್ದ ತಂಡಗಳು ಅಂಥ ಟಿಪ್ಪಣಿಗಳನ್ನು ಓದಿ, ತಕರಾರು ಬರೆದು, ತಿದ್ದಿ ಒಪ್ಪಿಕೊಂಡದ್ದೇ ಮುಂದೆ ಮಾನದಂಡಗಳಾದವು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಇನ್ನೂ ಸ್ಪಷ್ಟವಾದ ಉದಾಹರಣೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಆ ಯೋಜನೆಯನ್ನು ಜಗತ್ತಿನ ಹಲವು ದೇಶಗಳಲ್ಲಿ ತಮ್ಮ ತಮ್ಮ ಕೋಣೆಗಳಲ್ಲಿ ಕುಳಿತವರು ಮೂರು ದಶಕಗಳಿಂದ ಇಮೇಲ್ ಮೂಲಕ ನಡೆಸುತ್ತಿದ್ದಾರೆ. ಕರ್ನಲ್‌ನ ಸೋರ್ಸ್ ಕೋಡಿನ ಬುಡದಲ್ಲಿ 'ಮೇಂಟೇನರ್ಸ್' ಎಂಬ ಒಂದು ಕಡತವಿದೆ. ಯಾವ ಉಪವಿಭಾಗಕ್ಕೆ ಯಾರು ಹೊಣೆ, ತಿದ್ದುಪಡಿಯನ್ನು ಯಾರಿಗೆ ಕಳುಹಿಸಬೇಕು, ಚರ್ಚೆ ಎಲ್ಲಿ ನಡೆಯುತ್ತದೆ ಎಂಬುದು ಅದರಲ್ಲಿ ಸಾಲುಸಾಲಾಗಿ ಬರೆದಿದೆ. ನೆಟ್‌ವರ್ಕ್ ಡ್ರೈವರಿನ ಒಂದು ಸಾಲನ್ನು ಬದಲಿಸಬೇಕಾದ ಅಪರಿಚಿತನೊಬ್ಬ ಆ ಕಡತವನ್ನು ತೆರೆದರೆ ತೀರ್ಮಾನ ಮಾಡುವವರು ಯಾರೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಅಂಥ ಒಂದು ಕಡತ ನಿಮ್ಮ ಕಂಪನಿಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಇಲ್ಲದ ಕಡೆ ಆ ಮಾಹಿತಿ ಕಚೇರಿಯ ಜನರ ತಲೆಯಲ್ಲಿರುತ್ತದೆ, ಮತ್ತು ತಲೆಯಲ್ಲಿರುವುದನ್ನು ತಿಳಿಯಲು ಆ ಜನರ ಪಕ್ಕದಲ್ಲೇ ಕುಳಿತಿರಬೇಕಾಗುತ್ತದೆ.

ಬರೆದಿಡುವ ಈ ರೂಢಿ ಸಂಕಟದ ಗಳಿಗೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್‌ನ ಒಂದು ರಾತ್ರಿಯನ್ನು ನಾನು ಹೊಸಬರಿಗೆ ಯಾವಾಗಲೂ ವಿವರಿಸುತ್ತೇನೆ. ಸಾಫ್ಟ್‌ವೇರ್ ತಂಡಗಳು ತಮ್ಮ ಕೋಡ್ ಇಡುವ ಜಾಲತಾಣವನ್ನು ನಡೆಸುವ, ಎಲ್ಲ ನೌಕರರೂ ತಮ್ಮ ಮನೆಗಳಿಂದ ಕೆಲಸ ಮಾಡುವ ಕಂಪನಿ ಅದು. 2017ರ ಜನವರಿ 31ರಂದು ಅದರ ಡೇಟಾಬೇಸಿನ ಮೇಲೆ ಹೊರೆ ಹೆಚ್ಚಾಗಿ, ಮುಖ್ಯ ಸರ್ವರಿನಿಂದ ಎರಡನೆಯ ಸರ್ವರಿಗೆ ನಕಲಾಗುವ ಕೆಲಸ ನಿಂತುಹೋಯಿತು. ಅದನ್ನು ಮತ್ತೆ ಹೊಂದಿಸಲು ಹೊರಟ ಎಂಜಿನಿಯರ್ ಎರಡನೆಯ ಸರ್ವರಿನ ಖಾಲಿ ಫೋಲ್ಡರನ್ನು ಅಳಿಸುತ್ತಿದ್ದೇನೆಂದು ಭಾವಿಸಿ ಮುಖ್ಯ ಸರ್ವರಿನಲ್ಲೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ 4.5 ಜಿಬಿಯಷ್ಟೇ ಉಳಿದಿತ್ತು. ಬ್ಯಾಕಪ್‌ಗಳ ಕಡೆ ನೋಡಿದರೆ ಒಂದೂ ಸರಿಯಾಗಿರಲಿಲ್ಲ: ಆವೃತ್ತಿಯ ಹೊಂದಾಣಿಕೆಯಿಲ್ಲದೆ ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇಮೇಲುಗಳು ತಲುಪುತ್ತಲೇ ಇರಲಿಲ್ಲ. ಬೇರೊಂದು ಪರೀಕ್ಷೆಗೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು ಕಂಪನಿಯನ್ನು ಉಳಿಸಿತು.

ಆ ಹೊತ್ತಿನಲ್ಲಿ ಅಲ್ಲಿನ ಮುಂದಾಳುಗಳು ಮಾಡಿದ್ದು ಮುಖ್ಯ. ಏನಾಯಿತು, ಈಗ ಏನು ಮಾಡುತ್ತಿದ್ದೇವೆ, ಏನು ಗೊತ್ತಿಲ್ಲ ಎಂಬುದನ್ನು ಯಾರು ಬೇಕಾದರೂ ಓದಬಹುದಾದ ಒಂದೇ ದಾಖಲೆಯಲ್ಲಿ ಬರೆಯುತ್ತ ಹೋದರು. ಚೇತರಿಕೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ನಂತರ ಪ್ರಕಟಿಸಿದ ಪೋಸ್ಟ್‌ಮಾರ್ಟಮ್ ಬರಹದಲ್ಲಿ ತಪ್ಪನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟದೆ, ಬ್ಯಾಕಪ್ ಪರೀಕ್ಷೆಗೆ ಯಾರೂ ಹೊಣೆಯಾಗಿರಲಿಲ್ಲ ಎಂಬ ವ್ಯವಸ್ಥೆಯ ದೋಷವನ್ನು ಹೆಸರಿಸಿದರು. ಕಚೇರಿಯಲ್ಲಾದರೆ ಹತ್ತು ಜನ ಒಂದು ಮೇಜಿನ ಸುತ್ತ ನೆರೆದು ಇದನ್ನು ಬಗೆಹರಿಸುತ್ತಿದ್ದರು, ಮರುದಿನ ಆ ಹತ್ತು ಜನರಿಗೆ ಮಾತ್ರ ಪಾಠ ಉಳಿಯುತ್ತಿತ್ತು. ಇಲ್ಲಿ ಒಂದು ಮೇಜೇ ಇರಲಿಲ್ಲವಾದ್ದರಿಂದ ಎಲ್ಲವೂ ಅಕ್ಷರಕ್ಕಿಳಿಯಿತು. ಇಷ್ಟು ವರ್ಷಗಳಾದರೂ ಆ ಬರಹವನ್ನು ಓದಿ ತಮ್ಮ ಬ್ಯಾಕಪ್‌ಗಳನ್ನು ಪರೀಕ್ಷಿಸಿ ನೋಡುವ ತಂಡಗಳಿವೆ.

ಇಂಥ ಏರ್ಪಾಡು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ನನ್ನದೇ ಅನುಭವದಿಂದ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗ್ರಾಹಕರಿಗೆ ಒಂದೇ ಸಂದೇಶ ಎರಡೆರಡು ಸಲ ಹೋಗುತ್ತಿತ್ತು. ಏಳು ಪುಟಗಳ ಡಿಸೈನ್ ಡಾಕ್, ಅಂದರೆ ಪರಿಹಾರದ ವಿನ್ಯಾಸವನ್ನು ವಿವರಿಸುವ ದಾಖಲೆ, ಬರೆದೆ. ಪ್ರತಿ ಸಂದೇಶಕ್ಕೂ ಒಂದು ವಿಶಿಷ್ಟ ಗುರುತು ಕೊಟ್ಟು, ಸ್ವೀಕರಿಸುವ ಕಡೆಯಲ್ಲಿ ಮರುಕಳಿಸಿದ್ದನ್ನು ತಡೆಯಬೇಕು ಎಂಬುದು ಅದರ ಸಾರ. ಎರಡು ವಾರ ಚರ್ಚೆ ನಡೆದು, ಮುಖ್ಯ ಕಚೇರಿಯ ನಾಲ್ವರೂ ಇಲ್ಲಿಯ ಮೂವರೂ ಒಪ್ಪಿ, ಒಂದು ಗುರುವಾರ ಅದು ಅಂತಿಮವಾಯಿತು. ಸೋಮವಾರ ಬೆಳಿಗ್ಗೆ ಕೋಡ್ ರಿವ್ಯೂಗೆ ಬಂದ ಬದಲಾವಣೆಯನ್ನು ತೆರೆದು ನೋಡಿದರೆ ಬೇರೆಯದೇ ವಿನ್ಯಾಸ: ಕಳುಹಿಸುವ ಕಡೆಯಲ್ಲಿ, ಒಂದು ಸಲಕ್ಕೆ ಒಂದೇ ಸರ್ವರ್ ಕಳುಹಿಸುವಂತೆ ತಡೆಯುವ ಲಾಕ್ ಹಾಕಿದ್ದರು. ಕೇಳಿದಾಗ, ಶುಕ್ರವಾರ ಊಟದ ಹೊತ್ತಿನಲ್ಲಿ ಇದು ಸುಲಭವೆಂದು ಮಾತಾಡಿಕೊಂಡೆವು, ನಿಮಗೆ ತಿಳಿಸಲು ಮರೆತೆವು ಎಂದರು. ಅವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ನಾನು ಆ ಊಟದ ಮೇಜಿನಲ್ಲಿರಲಿಲ್ಲ, ಅಷ್ಟೆ. ಆರು ವಾರಗಳ ನಂತರ ಒಂದು ಸರ್ವರ್ ಅರ್ಧದಲ್ಲಿ ನಿಂತು, ಲಾಕ್ ಬಿಡುಗಡೆಯಾಗದೆ, ಸಂದೇಶಗಳೇ ಹೋಗದಂತಾದಾಗ ಹಳೆಯ ಡಿಸೈನ್ ಡಾಕ್ ಮತ್ತೆ ಹೊರಬಂತು. ಆಗ ನಮ್ಮ ಡೈರೆಕ್ಟರ್ ಎರಡು ನಿಯಮ ತಂದರು. ದಾಖಲೆಯಲ್ಲಿ ಇಲ್ಲದ್ದು ತೀರ್ಮಾನವೆನಿಸದು ಎಂಬುದು ಮೊದಲನೆಯದು. ಒಬ್ಬರು ದೂರದಿಂದ ಸಭೆಗೆ ಬರುವುದಾದರೆ ಉಳಿದವರೂ ತಮ್ಮ ತಮ್ಮ ಪರದೆಯಿಂದಲೇ ಬರಬೇಕು, ಕಾನ್ಫರೆನ್ಸ್ ಕೋಣೆಯಲ್ಲಿ ಗುಂಪಾಗಿ ಕೂರಬಾರದು ಎಂಬುದು ಎರಡನೆಯದು. ಮೊದಲನೆಯದು ರೂಢಿಯಾಗಲು ನಾಲ್ಕು ತಿಂಗಳು ಹಿಡಿಯಿತು, ಅದೂ ಡೈರೆಕ್ಟರ್ ಸ್ವತಃ ಪ್ರತಿ ತೀರ್ಮಾನವನ್ನೂ ಬರೆಯತೊಡಗಿದ್ದರಿಂದ.

ಸಂಶೋಧನೆಗಳು ಈ ಅನುಭವವನ್ನು ಬೇರೆ ಕಡೆಯಿಂದ ದೃಢಪಡಿಸುತ್ತವೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಯಿಂದ ಕೆಲಸ ಮಾಡಿದವರ ಕಾರ್ಯಕ್ಷಮತೆ ಶೇಕಡಾ 13ರಷ್ಟು ಹೆಚ್ಚಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಉಲ್ಲೇಖಿಸುವವರು ಕಡಿಮೆ: ಅಷ್ಟೇ ಒಳ್ಳೆಯ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಮನೆಯಲ್ಲಿದ್ದವರ ಬಡ್ತಿಯ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು. ಅದೇ ಕಂಪನಿಯಲ್ಲಿ 1,612 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ ಮಾತ್ರ ಮನೆಯಲ್ಲಿದ್ದವರ ಬಡ್ತಿಗೆ ಯಾವ ಧಕ್ಕೆಯೂ ಆಗಲಿಲ್ಲ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು. ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ಕಾಣುವುದು ಇದು: ವಾರದಲ್ಲಿ ಎರಡು ದಿನ ಮಾತ್ರ ದೂರವಿರುವವರಿಗೆ ತೊಂದರೆಯಿಲ್ಲ, ಹೆಚ್ಚಿನ ದಿನಗಳೂ ದೂರವೇ ಇರುವವರು ಕಣ್ಣಿಗೆ ಬೀಳುವುದಿಲ್ಲ. ಮೈಕ್ರೋಸಾಫ್ಟ್‌ನ 61,182 ನೌಕರರ 2020ರ ಮೊದಲ ಆರು ತಿಂಗಳ ಸಂವಹನವನ್ನು ಪರಿಶೀಲಿಸಿದ ಅಧ್ಯಯನವೂ ಗಮನಾರ್ಹ. ಎಲ್ಲರೂ ಮನೆಗೆ ಹೋದಾಗ ತಂಡದೊಳಗಿನ ನಂಟು ಗಟ್ಟಿಯಾಯಿತು, ತಂಡತಂಡಗಳ ನಡುವಿನ ಸೇತುವೆಗಳು ಕಡಿಮೆಯಾದವು. ಸ್ಟಾಫ್ ಎಂಜಿನಿಯರ್ ಎಂಬವನ ಕೆಲಸವೇ ಆ ಸೇತುವೆಗಳನ್ನು ಕಟ್ಟುವುದಾದ್ದರಿಂದ, ದೂರವಿರುವುದು ಅವನ ಹುದ್ದೆಯ ತಿರುಳಿಗೇ ತಟ್ಟುತ್ತದೆ.

ಗಡಿಯಾರದ ಲೆಕ್ಕವನ್ನೂ ಮೊದಲೇ ಹಾಕಬೇಕು. ಬರ್ಲಿನ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿದೆ. ಅಲ್ಲಿಯ ತಂಡದೊಡನೆ ಧಾರವಾಡದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಲಸ ಮಾಡುವವರಿಗೆ ಚಳಿಗಾಲದಲ್ಲೂ ನಾಲ್ಕೂವರೆ ಗಂಟೆ ಜೊತೆಯ ಸಮಯ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಅಲ್ಲಿ ಬೆಳಗಿನ ಒಂಬತ್ತಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಕೋಡ್ ಬರೆಯುವವನಿಗೆ ಈ ವ್ಯತ್ಯಾಸ ಸಹನೀಯ, ಏಕೆಂದರೆ ಅವನು ತನ್ನ ಹಗಲಿನಲ್ಲಿ ಬರೆದು ಇಟ್ಟರೆ ಸಾಕು. ತಂಡ ನಡೆಸುವವರಿಗೆ ಅದು ದಿನವೂ ರಾತ್ರಿ ಒಂಬತ್ತರಿಂದ ಹನ್ನೊಂದರ ತನಕ ಸಭೆ ಎಂದಾಗುತ್ತದೆ. ಮಕ್ಕಳನ್ನು ಮಲಗಿಸುವ, ವಯಸ್ಸಾದವರಿಗೆ ಔಷಧಿ ಕೊಡುವ, ಮನೆಯವರು ಒಟ್ಟಿಗೆ ಕುಳಿತು ಮಾತಾಡುವ ಹೊತ್ತು ಅದು. ಈ ಹೊರೆ ಹೆಣ್ಣುಮಕ್ಕಳ ಮೇಲೆ ಇಮ್ಮಡಿ ಬೀಳುತ್ತದೆ; ಟೆಕ್ ಲೀಡ್ ಆಗಬಲ್ಲ ಸಾಮರ್ಥ್ಯವಿದ್ದೂ ರಾತ್ರಿಯ ಸಭೆಗಳ ಕಾರಣಕ್ಕೆ ಹಿಂದೆ ಸರಿದ ಸಹೋದ್ಯೋಗಿಗಳನ್ನು ನಾನು ಬಲ್ಲೆ, ಮತ್ತು ಅದು ನನಗೆ ಇಂದಿಗೂ ನೋವಿನ ಸಂಗತಿ. ಹುಟ್ಟೂರಿನಲ್ಲಿರಬೇಕೆಂಬ ಆಸೆಯಿಂದ ಈ ದಾರಿ ಹಿಡಿದವರು ಊರಿನ ಸಂಜೆಯನ್ನೇ ಕಳೆದುಕೊಳ್ಳಬಾರದೆಂದಿದ್ದರೆ ಯುರೋಪಿನ ಅಥವಾ ಭಾರತದ್ದೇ ಕಂಪನಿಗಳ ಕಡೆ ನೋಡುವುದು ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಸಂಬಳ ಸ್ವಲ್ಪ ಕಡಿಮೆಯಾದರೂ.

ಭಾಷೆಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಅಳುಕಿನಿಂದಾಗಿ ನಾಯಕತ್ವ ಕಷ್ಟ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಕಚೇರಿಯ ಸಭೆಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಅಲ್ಲಿ ಗೆಲ್ಲುವುದು ಬಾಯಿಮಾತಿನ ಓಟ. ಬರವಣಿಗೆಯಿಂದ ನಡೆಯುವ ತಂಡದಲ್ಲಿ ಯೋಚಿಸಲು ಸಮಯ ಸಿಗುತ್ತದೆ, ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ, ಉಚ್ಚಾರಣೆ ಯಾರಿಗೂ ಕೇಳಿಸುವುದಿಲ್ಲ. ಸರಳ ವಾಕ್ಯಗಳಲ್ಲಿ ಬರೆದ ನಾಲ್ಕು ಪುಟಗಳು ಒಪ್ಪಿತವಾಗುವುದನ್ನು ನೋಡಿದ್ದೇನೆ. ನಿಜವಾದ ಕೊರತೆ ಬೇರೆ ಕಡೆಯಿದೆ: ಕಾರಣ ಕೊಟ್ಟು ಬರೆಯುವ ಅಭ್ಯಾಸ ನಮಗೆ ಮಾಡಿಸಿಯೇ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷಗಳಲ್ಲಿ ಹಿಂದಿನ ವರ್ಷದವರ ಲ್ಯಾಬ್ ರೆಕಾರ್ಡ್ ನೋಡಿ ಬರೆದವರೇ ಹೆಚ್ಚು. ಈ ವಿಧಾನವನ್ನೇ ಏಕೆ ಆರಿಸಿದೆ, ಇನ್ನೊಂದನ್ನು ಏಕೆ ಬಿಟ್ಟೆ ಎಂದು ಒಂದು ಪುಟ ಬರೆಯಲು ನನಗೆ ಯಾವ ಸೆಮಿಸ್ಟರಿನಲ್ಲೂ ಯಾರೂ ಹೇಳಲಿಲ್ಲ. ಮೈಕೆಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಎಂಬ ಚಿಕ್ಕ ದಾಖಲೆಯ ಮಾದರಿ ಈ ಅಭ್ಯಾಸಕ್ಕೆ ತುಂಬ ಅನುಕೂಲ. ಸಂದರ್ಭವೇನು, ತೀರ್ಮಾನವೇನು, ಅದರ ಸ್ಥಿತಿಯೇನು, ಪರಿಣಾಮಗಳೇನು ಎಂಬಿಷ್ಟನ್ನು ಒಂದೆರಡು ಪುಟದಲ್ಲಿ ಬರೆದು ಕೋಡಿನ ಜೊತೆಗೇ ಇಡುವುದು. ಬಡ್ತಿ ಬಂದ ಮೇಲೆ ಬರೆಯತೊಡಗುವುದಲ್ಲ; ಮೂರು ವರ್ಷ ಅನುಭವದಲ್ಲೇ ತನ್ನ ಚಿಕ್ಕ ಮಾಡ್ಯೂಲಿಗೆ ಇದನ್ನು ಬರೆಯತೊಡಗಿದವರ ಹೆಸರನ್ನು ಮುಂದೆ ಡೈರೆಕ್ಟರುಗಳು ತಾವಾಗಿ ಹುಡುಕುತ್ತಾರೆ.

ಕಾನೂನು ಮತ್ತು ತೆರಿಗೆಯ ಕಡೆಗೂ ಒಂದು ನೋಟ ಬೇಕು, ಏಕೆಂದರೆ ನಾಯಕತ್ವದ ಹುದ್ದೆಗಳು ಸಿಗದಿರಲು ಒಂದು ಕಾರಣ ಅಲ್ಲಿ ಅಡಗಿದೆ. ಭಾರತದಲ್ಲಿ ಕಚೇರಿಯಿಲ್ಲದ ವಿದೇಶಿ ಕಂಪನಿಯೊಂದರ ಪರವಾಗಿ ಇಲ್ಲಿ ಕುಳಿತವರು ಒಪ್ಪಂದಗಳನ್ನು ಕುದುರಿಸುವ ಅಧಿಕಾರವನ್ನು ರೂಢಿಯಾಗಿ ಚಲಾಯಿಸಿದರೆ, ಆ ಕಂಪನಿಗೆ ಇಲ್ಲಿ ಕಾಯಂ ನೆಲೆಯಿದೆಯೆಂದು ಪರಿಗಣಿಸಿ ಅದರ ಲಾಭಕ್ಕೆ ತೆರಿಗೆ ವಿಧಿಸಲು ಅವಕಾಶವಿದೆ. ಹೀಗಾಗಿ ಡೆವಲಪರನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳುವ ಕಂಪನಿ, ಮೇಲ್ದರ್ಜೆಯ ಹುದ್ದೆಗೆ ಬಂದಾಗ ತನ್ನ ವಕೀಲರ ಕಡೆ ತಿರುಗುತ್ತದೆ. ವಿದೇಶಿ ಕಂಪನಿಗಳ ಪರವಾಗಿ ಇಲ್ಲಿ ನೌಕರರನ್ನು ನೇಮಿಸಿಕೊಳ್ಳುವ ಡೀಲ್ (Deel) ಎಂಬಂಥ ಮಧ್ಯವರ್ತಿ ಸಂಸ್ಥೆಗಳ ಮೂಲಕ ಇಲ್ಲಿಯ ನೌಕರರೆಂದು ದಾಖಲಾಗುವುದು ಒಂದು ದಾರಿ; ಆಗ ಭವಿಷ್ಯ ನಿಧಿ, ಗ್ರಾಚ್ಯುಟಿ ಎಲ್ಲ ಇರುತ್ತವೆ. ಗುತ್ತಿಗೆದಾರರಾಗಿ ಬಿಲ್ ಕಳುಹಿಸುವುದು ಇನ್ನೊಂದು. ಆಗ ಅವಾವುವೂ ಇಲ್ಲ, ವರ್ಷದ ಆದಾಯ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಯ ರಫ್ತಾದ್ದರಿಂದ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ಜಿಎಸ್‌ಟಿ ಕಟ್ಟಬೇಕಿಲ್ಲ. ವಿದೇಶಿ ಕಂಪನಿಯ ಷೇರುಗಳು ಕೈಗೆ ಬಂದರೆ ಆದಾಯ ತೆರಿಗೆ ವಿವರದಲ್ಲಿ ವಿದೇಶಿ ಆಸ್ತಿಯೆಂದು ತೋರಿಸಲೇಬೇಕು. ಇದನ್ನು ಮರೆತು ನೋಟಿಸ್ ಬಂದ ಮೇಲೆ ಓಡಾಡುವ ಬದಲು ಮೊದಲ ವರ್ಷವೇ ಒಬ್ಬ ಒಳ್ಳೆಯ ಲೆಕ್ಕ ಪರಿಶೋಧಕರನ್ನು ಕಾಣುವುದು ಉಳಿತಾಯ.

ಇನ್ನು ಸಂದರ್ಶನದ ಮಾತು. ರಿಮೋಟ್‌ಗೆ ಅವಕಾಶವಿದೆ ಎಂದು ಜಾಹೀರಾತಿನಲ್ಲಿ ಬರೆದಿರುವುದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ತಂಡದ ಕೊನೆಯ ದೊಡ್ಡ ತಾಂತ್ರಿಕ ತೀರ್ಮಾನ ಯಾವುದು, ಅದರ ದಾಖಲೆ ಎಲ್ಲಿದೆ, ಅದನ್ನು ಯಾರು ವಿರೋಧಿಸಿದರು, ಕೊನೆಗೆ ಯಾರು ನಿರ್ಧರಿಸಿದರು ಎಂದು ಕೇಳಿ ನೋಡಬೇಕು. ಉತ್ತರಿಸುವವರು ತಕ್ಷಣ ಒಂದು ದಾಖಲೆಯನ್ನು ನೆನಪಿಸಿಕೊಂಡರೆ ಒಳ್ಳೆಯ ಸೂಚನೆ. 'ನಾವೆಲ್ಲ ಕೂತು ಮಾತಾಡಿ ಬಗೆಹರಿಸುತ್ತೇವೆ' ಎಂದರೆ ಎಲ್ಲಿ ಕೂತು ಎಂಬುದು ಮುಂದಿನ ಪ್ರಶ್ನೆ. ನಿಮ್ಮ ಮೇಲಧಿಕಾರಿಯ ಮೇಲಧಿಕಾರಿ ಎಲ್ಲಿದ್ದಾರೆ, ಅವರೂ ದೂರದಿಂದ ಕೆಲಸ ಮಾಡುತ್ತಾರೆಯೇ, ಕಳೆದ ಎರಡು ವರ್ಷಗಳಲ್ಲಿ ದೂರವಿದ್ದವರಲ್ಲಿ ಯಾರಿಗಾದರೂ ಸ್ಟಾಫ್ ಮಟ್ಟದ ಬಡ್ತಿ ಸಿಕ್ಕಿದೆಯೇ ಎಂದೂ ಕೇಳಬೇಕು. ವರ್ಷಕ್ಕೊಮ್ಮೆಯಾದರೂ ಎಲ್ಲರನ್ನೂ ಒಂದು ಕಡೆ ಸೇರಿಸುತ್ತಾರೆಯೇ ಎಂಬುದೂ ಮುಖ್ಯ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿಯನ್ನೇ ಮುಚ್ಚಿದ, ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್‌ನಂಥ ಕಂಪನಿಯೂ ನೌಕರರ ಭೇಟಿಗಳಿಗೆ ಹಣ ಖರ್ಚು ಮಾಡುತ್ತ ಬಂದಿದೆ, ಏಕೆಂದರೆ ಒಮ್ಮೆ ಎದುರು ಕೂತು ಊಟ ಮಾಡಿದವನ ಕಟುವಾದ ರಿವ್ಯೂ ಕಾಮೆಂಟನ್ನು ಓದುವ ರೀತಿಯೇ ಬೇರೆ.

ಕರ್ನಾಟಕ ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳತ್ತ ಕಂಪನಿಗಳನ್ನು ಸೆಳೆಯಲು ಹೊರಟಿದೆ. 2024ರಿಂದ 2029ರ ಅವಧಿಯ ಜಿಸಿಸಿ ನೀತಿ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಲೆಕ್ಕವೆಲ್ಲ ಕೇಂದ್ರಗಳ ಸಂಖ್ಯೆ ಮತ್ತು ಉದ್ಯೋಗಗಳ ಸಂಖ್ಯೆಯಲ್ಲಿದೆ. ಹುಬ್ಬಳ್ಳಿಯಲ್ಲಿ 200 ಕುರ್ಚಿಗಳ ಕಚೇರಿ ತೆರೆದು ಅದರ ಟೆಕ್ ಲೀಡ್, ಆರ್ಕಿಟೆಕ್ಟ್, ಮ್ಯಾನೇಜರ್ ಎಲ್ಲರೂ ಬೆಂಗಳೂರಿನಲ್ಲಿದ್ದರೆ, 1985ರ ಹಂಚಿಕೆಯೇ ರಾಜ್ಯದೊಳಗೆ ಮರುಕಳಿಸಿದಂತಾಗುತ್ತದೆ. ಪ್ರೋತ್ಸಾಹಧನ ಕೊಡುವಾಗ ಆ ಊರಿನಲ್ಲಿ ಎಷ್ಟು ಹಿರಿಯ ಹುದ್ದೆಗಳಿವೆ ಎಂದು ಕೇಳುವುದು ಸರ್ಕಾರಕ್ಕೆ ಕಷ್ಟದ ಕೆಲಸವಾಗಬೇಕಿಲ್ಲ.

ದೂರದ ನಾಯಕತ್ವದ ವಿರುದ್ಧ ನಾನು ಪೂರ್ತಿಯಾಗಿ ಒಪ್ಪುವ ಆಕ್ಷೇಪವೊಂದಿದೆ, ಅದು ಕಿರಿಯರ ಕಲಿಕೆಗೆ ಸಂಬಂಧಿಸಿದ್ದು. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಅಧ್ಯಯನ ಮಾಡಿದ ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್, ಅಮಾಂಡಾ ಪಲ್ಲೈಸ್ ಅವರು ಕಂಡದ್ದು: ತಂಡ ಒಂದೇ ಕಟ್ಟಡದಲ್ಲಿ ಕೂತಾಗ ಕಿರಿಯರ ಕೋಡಿಗೆ ಹೆಚ್ಚು ಟಿಪ್ಪಣಿಗಳು ಸಿಗುತ್ತವೆ, ಮತ್ತು ಆ ಟಿಪ್ಪಣಿ ಕೊಡುವ ಹಿರಿಯರ ಸ್ವಂತ ಕೆಲಸ ಅಷ್ಟು ಕಡಿಮೆಯಾಗುತ್ತದೆ. ಎಂದರೆ ನಾನು ಸಾಗರದಲ್ಲಿ ಶಾಂತವಾಗಿ ಕುಳಿತು ಹೆಚ್ಚು ಕೆಲಸ ಮುಗಿಸಿದ ದಿನಗಳ ಬೆಲೆಯನ್ನು ತಂಡದ ಕಿರಿಯರು ತೆತ್ತಿರಬಹುದು. ಇದು ತಿಳಿದ ಮೇಲೆ ನನ್ನ ವಾರದ ವೇಳಾಪಟ್ಟಿ ಬದಲಾಯಿತು. ಎರಡು ವರ್ಷ ಅನುಭವದ, ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುವ ಒಬ್ಬ ಎಂಜಿನಿಯರ್ ಜೊತೆ ಮಂಗಳವಾರ ಬೆಳಿಗ್ಗೆ ಒಂದು ಗಂಟೆ ಪರದೆ ಹಂಚಿಕೊಂಡು ಕೂರುತ್ತೇನೆ. ಆಕೆಯ ಪರದೆಯನ್ನಲ್ಲ, ನನ್ನದನ್ನು ತೋರಿಸುತ್ತೇನೆ: ಹಿಂದಿನ ವಾರದ ಒಂದು ದೋಷದ ಲಾಗ್ ತೆರೆದು, ಕನ್ನಡದಲ್ಲೇ ಗಟ್ಟಿಯಾಗಿ ಯೋಚಿಸುತ್ತ, ಎಲ್ಲಿ ಅನುಮಾನ ಬಂತು, ಯಾವ ದಾರಿ ತಪ್ಪಾಯಿತು ಎಂದು ಹೇಳುತ್ತ ಹೋಗುತ್ತೇನೆ. ಮೊದಲ ಎರಡು ತಿಂಗಳು ಆಕೆ ಹೆಚ್ಚೇನೂ ಕೇಳುತ್ತಿರಲಿಲ್ಲ. ಮೂರನೆಯ ತಿಂಗಳು ನನ್ನನ್ನು ನಡುವೆ ತಡೆದು, ಆ ಟೈಮ್‌ಸ್ಟಾಂಪ್ ಭಾರತದ್ದಲ್ಲ, ಯುಟಿಸಿ ಎಂಬ ಜಾಗತಿಕ ಸಮಯದ್ದು, ನೀವು ಐದೂವರೆ ಗಂಟೆ ತಪ್ಪು ಓದುತ್ತಿದ್ದೀರಿ ಎಂದಳು. ಕಳೆದ ತಿಂಗಳು ಆಕೆ ತನ್ನ ಮೊದಲ ಡಿಸೈನ್ ಡಾಕ್ ಬರೆದಳು, ಎರಡೂವರೆ ಪುಟ. ಮುಖ್ಯ ಕಚೇರಿಯ ಹಿರಿಯರೊಬ್ಬರು ಎತ್ತಿದ ಆಕ್ಷೇಪಕ್ಕೆ ಆಕೆ ಎರಡು ದಿನ ಅಳತೆ ಮಾಡಿ ಅಂಕಿಗಳೊಡನೆ ಉತ್ತರ ಬರೆದಳು, ಅವರು ಒಪ್ಪಿದರು. ಆ ದಾಖಲೆಯಲ್ಲಿ ತೀರ್ಮಾನಿಸಿದವರು ಎಂಬ ಸಾಲಿನ ಮುಂದೆ ಈಗ ಆಕೆಯ ಹೆಸರಿದೆ.